ಚಿಲಕವಿಲ್ಲದ ಬಾಗಿಲು

ನಾನು ಬಳ್ಳಾರಿಯಲ್ಲಿ ಬಹಳ ವರ್ಷ ಬೋರ್ಡು ಬರೆದು ಬದುಕಿದವನು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಓದು ಬಿಟ್ಟು ಬ್ರಷ್ಷು ಹಿಡಿದೆ. ಅಂಗಡಿಗಳ ಹೆಸರು, ಲಾರಿಯ ಹಿಂದಿನ ಹೂಬಳ್ಳಿ, ಕಾಂಪೌಂಡ್ ಗೋಡೆಯ ಮೇಲಿನ ಸಿಮೆಂಟ್ ಜಾಹೀರಾತು, ಎಲ್ಲ ಬರೆದಿದ್ದೇನೆ. ಆದರೆ ನನ್ನ ಹೆಸರು ನಾಲ್ಕು ಜನಕ್ಕೆ ಗೊತ್ತಾದದ್ದು ಇನ್ನೊಂದು ಕೆಲಸದಿಂದ. ಆಗ ನಮ್ಮ ಕಡೆ ಮನೆಯಲ್ಲಿ ಹಿರಿಯರು ತೀರಿಕೊಂಡರೆ, ಬದುಕಿದ್ದಾಗ ತೆಗೆಸಿದ ಫೋಟೋ ಇಲ್ಲದಿದ್ದರೆ, ಅವರನ್ನು ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿ ಫೋಟೋ ತೆಗೆಸುತ್ತಿದ್ದರು. ಆ ಫೋಟೋ ದೊಡ್ಡದಾಗಿ ನನ್ನ ಕೈಗೆ ಬರುತ್ತಿತ್ತು. ಮುಚ್ಚಿದ ಕಣ್ಣನ್ನು ನಾನು ತೆರೆಸಬೇಕು. ಒಳಗೆ ಬಿದ್ದ ಕೆನ್ನೆ ತುಂಬಬೇಕು. ಮೂಗಿಗೆ ಇಟ್ಟ ಹತ್ತಿ ಅಳಿಸಬೇಕು. ಗಲ್ಲಕ್ಕೆ ಕಟ್ಟಿದ ಬಟ್ಟೆ ಕಾಣದಂತೆ ಹಾರವನ್ನು ಸ್ವಲ್ಪ ಮೇಲಕ್ಕೆ ಏರಿಸಬೇಕು. ಮನೆಯವರು ಅದನ್ನು ನೋಡಿ ಅತ್ತರೆ ಕೆಲಸ ಸರಿಯಾಯಿತೆಂದು ಅರ್ಥ. ನಮ್ಮಪ್ಪ ಹೀಗಿರಲಿಲ್ಲ ಎಂದು ಯಾರೂ ವಾಪಸು ತಂದವರಿಲ್ಲ.

ಫ್ಲೆಕ್ಸ್ ಬಂದ ಮೇಲೆ ಬ್ರಷ್ಷಿನ ಕೆಲಸ ನಿಂತಿತು. ಕುರುಗೋಡಿನಲ್ಲಿ ಹೆಂಡತಿಯ ತವರಿನವರು ಬಿಟ್ಟುಕೊಟ್ಟ ಎರಡು ಕೋಣೆಯ ಮನೆಗೆ ಬಂದು ಸೇರಿದೆವು. ನಾನು, ಹೆಂಡತಿ, ನನ್ನ ತಂಗಿ.

ತಂಗಿಗೆ ಈಗ ಐವತ್ತು ದಾಟಿದೆ. ಹುಟ್ಟಿನಿಂದಲೇ ಅವಳಿಗೆ ಬುದ್ಧಿ ನಿಧಾನ. ಅಕ್ಷರ ಬರುವುದಿಲ್ಲ. ನೋಟುಗಳನ್ನು ಬಣ್ಣದಿಂದ ಗುರುತಿಸುತ್ತಾಳೆ. ಎರಡು ಮಾತು ಒಟ್ಟಿಗೆ ಹೇಳಿದರೆ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತಾಳೆ. ಒಂದು ಕಣ್ಣು ಮೂಗಿನ ಕಡೆಗೆ ತಿರುಗಿದೆ. ಬಾಯಿ ಯಾವಾಗಲೂ ಸ್ವಲ್ಪ ತೆರೆದಿರುತ್ತದೆ. ಶೇಂಗಾ ಸುಲಿಯುವುದು, ಬಟ್ಟೆ ಮಡಚುವುದು, ಬಾಗಿಲ ಮುಂದೆ ನೀರು ಹಾಕುವುದು ಅವಳ ಕೆಲಸ. ಬೇಸರವಾದರೆ ಹಾಡಿಕೊಳ್ಳುತ್ತಾಳೆ. ಸಿಟ್ಟು ಬಂದರೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಾಳೆ.

ಬಳ್ಳಾರಿಯ ಗಾಂಧಿನಗರದಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಒಂದು ಸಣ್ಣ ಆಫೀಸಿದೆ. ಅಲ್ಲಿಂದ ಒಬ್ಬ ಮೇಡಂ ನಮ್ಮ ಮನೆಗೆ ಬಂದರು. ನನ್ನ ತಂಗಿಯಂಥವರು ದೊಡ್ಡವರಾದ ಮೇಲೆ ಮನೆಯಲ್ಲಿ ದಿನ ಹೇಗೆ ಕಳೆಯುತ್ತಾರೆ, ತಮ್ಮ ಬಗ್ಗೆ ತಾವೇ ಏನೇನು ತೀರ್ಮಾನ ಮಾಡಲು ಸಿಗುತ್ತದೆ ಎಂದು ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಕೇಳಿಕೊಂಡು ತಿರುಗುತ್ತಿದ್ದರು. ಅವರು ಅದನ್ನು ಸಂಶೋಧನೆ ಎಂದರು.

"ಆಕಿಗೇನ್ ಗೊತ್ತಾಕೈತ್ರಿ? ನನ್ನ ಕೇಳ್ರಿ, ನಾ ಹೇಳ್ತೀನಿ," ಎಂದಳು ನನ್ನ ಹೆಂಡತಿ.

"ನಿಮ್ಮನ್ನ ಆಮ್ಯಾಲೆ ಕೇಳ್ತೀನಮ್ಮಾ. ಈಗ ಅಕ್ಕನ ಸರದಿ," ಎಂದು ಮೇಡಂ ನಮ್ಮಿಬ್ಬರನ್ನೂ ನಗುತ್ತಲೇ ಹೊರಗೆ ಕಳಿಸಿದರು.

ನಾವು ಕಟ್ಟೆಯ ಮೇಲೆ ಕೂತೆವು. ಒಳಗಿನಿಂದ ತಂಗಿಯ ಮಾತು ಕೇಳುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಅವಳು ಅಷ್ಟು ಹೊತ್ತು ಮಾತಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಮಾರನೇ ವರ್ಷ ಮೇಡಂ ಮತ್ತೆ ಬಂದರು. ಈ ಸಲ ಅವರಿಗೆ ನಾನು ಬೇಕಾಗಿದ್ದೆ. ಗೋಡೆಯ ಮೇಲೆ ನಾನು ತಿದ್ದಿದ ನಮ್ಮ ಅವ್ವನ ಪಟವನ್ನು ಮೊದಲ ಸಲವೇ ನೋಡಿ ನೆನಪಿಟ್ಟುಕೊಂಡಿದ್ದರಂತೆ.

"ಇವರೆಲ್ಲಾ ಹೇಳಿದ್ದನ್ನ ನಾವು ಇಂಗ್ಲಿಷ್‌ನಾಗ ಬರದ್ವಿ ತಾತಾ. ಓದಾವ್ರು ನಮ್ಮಂಥವ್ರು. ಹೇಳಿದವ್ರಿಗೇ ಏನ್ ಬರದೈತಿ ಅಂತ ತಿಳೀವಲ್ದು. ನಾವು ಬರದಿದ್ದು ತಪ್ಪಿದ್ರ ತಪ್ಪು ಅನ್ನಾಕಾದ್ರೂ ಅವ್ರಿಗೆ ಗೊತ್ತಾಗಬೇಕಲ್ಲ?"

ಅದಕ್ಕಾಗಿ ಅವರು ಚಿತ್ರಗಳಲ್ಲೇ ಹೇಳುವ ಒಂದು ಕಥೆ ಪುಸ್ತಕ ಮಾಡಬೇಕೆಂದಿದ್ದರು. ಅದರ ಕ್ರಮವನ್ನು ನನಗೆ ಹೇಳಿಕೊಟ್ಟರು. ಒಂದು ಹಾಳೆಗೆ ಒಂದೇ ವಿಷಯ. ಆ ವಿಷಯಕ್ಕೆ ಬೇಡದ ಗಿಡ, ಬಳ್ಳಿ, ಹಿಂದಿನ ಬೆಟ್ಟ ಯಾವುದೂ ಬೇಡ. ಮುಖ ನೋಡಿದರೆ ಸಂತೋಷವೋ ದುಃಖವೋ ಗೊತ್ತಾಗಬೇಕು. ಕೆಳಗೆ ದಪ್ಪ ಅಕ್ಷರದಲ್ಲಿ ಒಂದೇ ಸಾಲು. ಅದನ್ನು ಎಲ್ಲರ ಮುಂದೆ ಹಿಡಿದು ಕಥೆಯಂತೆ ನಿಧಾನವಾಗಿ ಹೇಳಬೇಕು. ಕೇಳಿದವರಿಗೆ ಚಿತ್ರ ಸರಿಯಿಲ್ಲ ಅನ್ನಿಸಿದರೆ ಎದ್ದು ಬಂದು ಆ ಹಾಳೆಯನ್ನು ಬೋರಲು ಹಾಕಬಹುದು. ಬೋರಲಾದ ಹಾಳೆಯನ್ನು ನಾನು ಮತ್ತೆ ಬರೆಯಬೇಕು.

ಬಹಳ ದಿನದ ಮೇಲೆ ಯಾರೋ ನನ್ನ ಕೈ ಕೆಲಸ ಕೇಳಿಕೊಂಡು ಬಂದಿದ್ದರು. ಒಪ್ಪಿಕೊಂಡೆ.

ಗಾಂಧಿನಗರದ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಮೇಡಂ ಒಂದೊಂದೇ ವಿಷಯ ಓದಿ ಹೇಳಿದರು, ನಾನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡೆ. ಇವತ್ತು ಯಾವ ಸೀರೆ, ಯಾವ ಅಂಗಿ ಎಂದು ಯಾರೂ ಕೇಳುವುದಿಲ್ಲ. ಬೀಗರು ಬಂದರೆ ಒಳಗೆ ಹೋಗು ಅನ್ನುತ್ತಾರೆ. ಕೆಲಸ ಹೇಳುತ್ತಾರೆ, ಚೆನ್ನಾಗಿ ಮಾಡಿದೆ ಅನ್ನುವುದಿಲ್ಲ. ಆಮೇಲೆ ಅವರು ಓದಿದರು: "ಮನೆಯವರು ಹೊರಗೆ ಹೋಗುವಾಗ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತಾರೆ. ನಮಗೆ ಅಂಜಿಕೆ ಆಗುತ್ತದೆ."

"ಇದು ಯಾರು ಹೇಳಿದ್ದು?" ಎಂದೆ.

"ಹೆಸರು ಹೇಳಂಗಿಲ್ಲ ತಾತಾ. ಬಾಳ ಮಂದಿ ಹೇಳ್ಯಾರ."

ನಮ್ಮ ಮನೆಯಲ್ಲಿ ನಾವು ಚಿಲಕ ಹಾಕುತ್ತಿದ್ದೆವು. ಕುರುಗೋಡಿಗೆ ಬಂದ ಹೊಸದರಲ್ಲಿ ತಂಗಿ ಒಬ್ಬಳೇ ಬಸ್‌ಸ್ಟ್ಯಾಂಡಿಗೆ ಹೋಗಿ ಸಿರುಗುಪ್ಪದ ಬಸ್ಸು ಹತ್ತಿಬಿಟ್ಟಿದ್ದಳು. ಕಂಡಕ್ಟರು ಒಳ್ಳೆಯವನು, ಅದೇ ಬಸ್ಸಿನಲ್ಲಿ ವಾಪಸು ಕರೆತಂದ. ಓಣಿಯ ಜನ ಹೆಣ್ಣುಮಗಳನ್ನು ಹೀಗೆ ಬಿಡುತ್ತಾರೇನು ಎಂದರು. ಅಂದಿನಿಂದ ಸಂತೆಗೆ ಹೋದರೂ, ಮದುವೆಗೆ ಹೋದರೂ, ಹಲಕುಂದಿಯ ಮಠಕ್ಕೆ ಹೋದರೂ ಹೊರಗಿನಿಂದ ಚಿಲಕ. ಮೊದಲು ಅಂಜಿಕೆಗೆ ಹಾಕಿದೆ. ಆಮೇಲೆ ಅನುಕೂಲಕ್ಕೆ ಹಾಕಿದೆ. ಅವಳನ್ನು ಹೊರಡಿಸಿ ಕರೆದುಕೊಂಡು ಹೋಗುವುದಕ್ಕಿಂತ ಚಿಲಕ ಹಾಕುವುದು ಸುಲಭ. ಬೀಗರ ಮುಂದೆ ಅವಳು ಏನಾದರೂ ಅಂದಾಳೆಂಬ ನಾಚಿಕೆಯೂ ಇತ್ತು. ಕಿಟಕಿಯ ಸರಳಿಗೆ ಮುಖ ಒತ್ತಿ ಅವಳು ನಿಂತಿರುತ್ತಾಳೆಂದು ಗೊತ್ತಿದ್ದೂ ನಾನು ತಿರುಗಿ ನೋಡುತ್ತಿರಲಿಲ್ಲ.

ಮನೆಗೆ ಬಂದು ಆ ಹಾಳೆಯನ್ನು ಕೊನೆಗೆ ಇಟ್ಟುಕೊಂಡೆ. ಹೇಗೆ ಬರೆಯುವುದೆಂದು ಬಹಳ ಯೋಚಿಸಿದೆ. ಯೋಚಿಸಿ, ಬಾಗಿಲನ್ನು ಒಳಗಿನಿಂದ ಬರೆದೆ. ಒಂದು ಕೋಣೆ, ಚಾಪೆಯ ಮೇಲೆ ಕೂತ ಒಬ್ಬ ಹೆಂಗಸು, ಹಿಂದೆ ಮುಚ್ಚಿದ ಬಾಗಿಲು. ಹೆಂಗಸಿನ ಎರಡು ಕಣ್ಣೂ ಸಮ, ತುಟಿ ಮುಚ್ಚಿದೆ, ತಲೆಯಲ್ಲಿ ಮಲ್ಲಿಗೆ. ಮುಖದಲ್ಲಿ ಅಂಜಿಕೆ ಇರಲಿಲ್ಲ. ಪೂಜೆ ಮುಗಿಸಿ ಕೂತವಳಂತೆ ಕಾಣುತ್ತಿದ್ದಳು.

"ಚಿಲಕ ಎಲ್ಲೈತಿ ತಾತಾ?" ಎಂದು ಮೇಡಂ ಕೇಳಿದರು.

ಉತ್ತರ ನನ್ನ ಹತ್ತಿರ ಸಿದ್ಧವಿತ್ತು. "ಒಳಗ ನಿಂತು ನೋಡಿದ್ರ ಹೊರಗಿನ ಚಿಲಕ ಹೆಂಗ ಕಾಣ್ತೈತಮ್ಮಾ?"

ಅವರು ನಕ್ಕರು. "ಅದೂ ಖರೇನ. ಆದ್ರ ಎಲ್ಲಾರೂ ಸಿನಿಮಾದವ್ರಂಗ ಅದಾರಲ್ಲ? ಇರ್ಲಿ, ಸಿರುಗುಪ್ಪದಾಗ ಅವ್ರೇ ಏನಂತಾರ ನೋಡೂಣು."

ಸಿರುಗುಪ್ಪದಲ್ಲಿ ಒಂದು ಶಾಲೆಯ ಕೋಣೆಯಲ್ಲಿ ಭಾನುವಾರ ಎಲ್ಲರನ್ನೂ ಸೇರಿಸಿದ್ದರು. ನನ್ನ ತಂಗಿಯನ್ನೂ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಭತ್ತದ ಗದ್ದೆ ನೋಡುತ್ತ ಅವಳು ಹಾಡಿಕೊಂಡಳು. ಅಲ್ಲಿ ಬಂದವರಲ್ಲಿ ಒಬ್ಬ ಮೂವತ್ತು ದಾಟಿದವನು ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದ. ದೊಡ್ಡ ನಗು, ಕೊರಳಲ್ಲಿ ಟವಲು. ಪಕ್ಕದಲ್ಲಿ ಅವನ ತಾಯಿ, ಮಾತಿಗೆ ತೆಲುಗು ಬೆರೆಸುವ ಹೆಂಗಸು.

ಮೇಡಂ ಮೊದಲ ಹಾಳೆ ಎತ್ತಿ ಹಿಡಿದರು. ಅಂಗಿಗಳ ಮುಂದೆ ನಿಂತವನೊಬ್ಬನ ಚಿತ್ರ.

"ಇವ ಯಾರಲೇ ಹೀರೋ!" ಎಂದ ಅವನು. "ಮೇಡಂ, ಇವಂಗ ಹೀರೋಯಿನ್ ಎಲ್ಲಿ?"

"ಊರ್ಕೋ ರಾ," ಎಂದು ತಾಯಿ ಅವನ ತೊಡೆಗೆ ತಟ್ಟಿ ಸುಮ್ಮನಿರಿಸಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಾಳೆಗಳು ಒಂದೊಂದಾಗಿ ಬಂದವು. ಬೀಗರ ಚಿತ್ರಕ್ಕೆ ಒಬ್ಬಾಕೆ ತಲೆಯಾಡಿಸಿ, ಹೌದು ಹೌದು, ನಮ್ಮ ಮಾವ ಬಂದಾಗ, ಎಂದಳು. ಕೊನೆಗೆ ಬಾಗಿಲಿನ ಹಾಳೆ. ಮೇಡಂ ನಿಧಾನವಾಗಿ ಸಾಲು ಹೇಳಿದರು. ಎಲ್ಲರೂ ಚಿತ್ರವನ್ನು ನೋಡಿದರು, ಮೇಡಂ ಮುಖವನ್ನು ನೋಡಿದರು. ಹೇಳಿದ ಮಾತು ಚಿತ್ರದಲ್ಲಿ ಸಿಗಲಿಲ್ಲ.

"ಈಕಿ ಮಲಗಾಕ ಹೊಂಟಾಳ," ಎಂದ ಟವಲಿನವನು.

"ಮನಿ ಚಲೋ ಐತಿ," ಎಂದಳು ಇನ್ನೊಬ್ಬಳು. "ಹೂವೂ ಮುಡದಾಳ."

ಸದ್ಯ ಮುಗಿಯಿತು ಎಂದುಕೊಂಡೆ. ಆ ಮಾತು ಅವರವರ ಮನಸ್ಸಿನಿಂದ ಹೀಗೇ ಜಾರಿಹೋಗುತ್ತದೆ, ಪುಸ್ತಕದಿಂದಲೂ ಹೋಗುತ್ತದೆ ಎಂದು ನನಗೆ ನಿರಾಳವಾಯಿತು. ಅಷ್ಟರಲ್ಲಿ ನನ್ನ ತಂಗಿ ಸೀರೆ ಹಿಡಿದುಕೊಂಡು ಎದ್ದಳು. ಮೇಡಂ ಕೈಯಿಂದ ಹಾಳೆ ತೆಗೆದುಕೊಂಡಳು. ಮೇಜಿನ ಮೇಲೆ ಬೋರಲು ಹಾಕಿ, ಅದು ಮತ್ತೆ ಏಳಬಾರದೆಂಬಂತೆ ಅಂಗೈಯಿಂದ ಒತ್ತಿ ಹಿಡಿದಳು.

"ಯಾಕಕ್ಕಾ? ಏನ್ ತಪ್ಪೈತಿ?"

"ಬಾಗಿಲಾ."

"ಬಾಗಿಲಕ್ಕ ಏನಾಗೈತಿ?"

ತಂಗಿ ಹುಡುಕಿದಳು. ಅವಳಿಗೆ ಮಾತು ಸಿಗುವುದಕ್ಕೆ ಹೊತ್ತು ಬೇಕು. ಮೇಡಂ ಕಾದರು.

"ಟಕ್ ಅಂತೈತಿ," ಎಂದಳು. "ಟಕ್ ಅಂತೈತಿ, ಆಮ್ಯಾಲೆ ಚಪ್ಲಿ ಸಪ್ಪಳ. ಆಮ್ಯಾಲೆ ಇಲ್ಲ."

"ಯಾರ ಚಪ್ಲಿ?" ಎಂದು ಟವಲಿನವನು ಕೇಳಿದ.

"ಅಣ್ಣಂದು."

ಅವಳು ನನ್ನ ಕಡೆ ಬೆರಳು ಮಾಡಲಿಲ್ಲ. ಬೇಕಾಗಿಯೂ ಇರಲಿಲ್ಲ, ಆ ಕೋಣೆಯಲ್ಲಿ ಅವಳ ಅಣ್ಣ ನಾನೊಬ್ಬನೇ. ಒಳಗೆ ನಿಂತವರಿಗೆ ಚಿಲಕ ಕಾಣುವುದಿಲ್ಲ ಎಂದಿದ್ದೆನಲ್ಲ, ಕೇಳುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

"ನಮ್ಮವ್ವನೂ ಹಾಕ್ತಾಳ!" ಎಂದು ಟವಲಿನವನು ಎದ್ದುನಿಂತ. ಯಾವುದೋ ಆಟದಲ್ಲಿ ತನ್ನ ಸರದಿ ಬಂದಂತೆ ಖುಷಿಯಾಗಿತ್ತು ಅವನಿಗೆ. "ಮೇಡಂ, ನಮ್ಮವ್ವನೂ!"

"ಲೇ, ಮನಿ ಮುಂದ ಕಾಲುವಿ ಐತಿ, ಅದಕ್ಕ," ಎಂದಳು ಅವನ ತಾಯಿ. ಆಮೇಲೆ ಸೆರಗು ಸರಿಮಾಡಿಕೊಂಡು ನೆಲ ನೋಡುತ್ತ ಕೂತಳು.

ಎಲ್ಲರೂ ನನ್ನ ಮಾತಿಗೆ ಕಾಯುತ್ತಿದ್ದರು. ನಾನು ಹೇಳಿದೆ: "ನಂದು ಸತ್ತವ್ರ ಫೋಟೋ ತಿದ್ದಿದ ಕೈ ಅಮ್ಮಾ. ಚಂದ ಇಲ್ಲದ್ದು ಕಂಡ್ರ ಕೈ ತಾನೇ ಅಳಿಸಿಬಿಡ್ತೈತಿ. ರೂಢಿ." ಮುಚ್ಚಿದ ಕಣ್ಣು ತೆರೆಸುವ ಕಥೆಯನ್ನೂ ಹೇಳಿದೆ. ಮೇಡಂಗೆ ಅದು ಬಹಳ ಹಿಡಿಸಿತು. "ಎಂಥಾ ಮಾತು ಹೇಳಿದ್ರಿ ತಾತಾ. ಓದಿದವ್ರೂ ನಾವು ಇದೇ ತಪ್ಪು ಮಾಡ್ತೀವಿ," ಎಂದರು. ನನ್ನನ್ನು ಎಲ್ಲರೂ ಕ್ಷಮಿಸಿಬಿಟ್ಟರು.

ಮಲ್ಲಿಗೆ, ಸಮಗಣ್ಣು ರೂಢಿಯಿಂದ ಬಂದದ್ದು ನಿಜ. ಚಿಲಕ ರೂಢಿಯಿಂದ ಹೋದದ್ದಲ್ಲ. ಅದನ್ನು ನಾನು ಯೋಚಿಸಿ ಬಿಟ್ಟಿದ್ದೆ.

ಮನೆಗೆ ಬಂದ ಮೇಲೆ ಆ ಹಾಳೆಯನ್ನು ಮತ್ತೆ ಬರೆಯಬೇಕಾಯಿತು. ಹೇಗೆ ಬರೆಯಲಿ ಎಂದು ತಂಗಿಯನ್ನೇ ಕೇಳಿದೆ. ಅವಳು ಸುಮ್ಮನೆ ನೋಡಿದಳು. ಅಷ್ಟು ದೊಡ್ಡ ಪ್ರಶ್ನೆ ಅವಳಿಗೆ ಹಿಡಿಯುವುದಿಲ್ಲ. ಆಗ ಒಂದು ಹಾಳೆಗೆ ಒಂದೇ ವಿಷಯ ಎಂಬ ಮೇಡಂ ಕ್ರಮ ನೆನಪಾಯಿತು. ನೆಲದ ಮೇಲೆ ಕೂತು ಎರಡು ಹಾಳೆಯಲ್ಲಿ ಎರಡು ಬಾಗಿಲು ಬರೆದೆ. ಒಂದಕ್ಕೆ ಹೊರಗೆ ಚಿಲಕ. ಇನ್ನೊಂದಕ್ಕೆ ಚಿಲಕವೇ ಇಲ್ಲ. ಯಾವುದು ಬೇಕು ಎಂದು ಮುಂದಿಟ್ಟೆ. ಅವಳು ಎರಡನ್ನೂ ದೂಡಿದಳು. ಮೂರನೆಯದು ಯಾವುದಿರಬಹುದೆಂದು ಹೊಳೆಯದೆ, ಒಳಗಿನಿಂದ ಕಾಣುವ ಬಾಗಿಲಿಗೆ ಒಂದು ಚಿಲಕ ಬರೆದೆ. ಅವಳು ಅದರ ಮೇಲೆ ಕೈ ಇಟ್ಟಳು.

"ನಂದು," ಎಂದಳು.

ನಮ್ಮ ಬಾಗಿಲಿಗೆ ಒಳಚಿಲಕ ಮೊದಲು ಇತ್ತು. ಒಮ್ಮೆ ಅವಳು ಒಳಗೆ ಹಾಕಿಕೊಂಡು ಮಲಗಿ, ಎಷ್ಟು ಬಡಿದರೂ ಏಳದಿದ್ದಾಗ ನಾನೇ ಸ್ಕ್ರೂ ಬಿಚ್ಚಿ ತೆಗೆದಿದ್ದೆ. ಅದನ್ನು ಮತ್ತೆ ಹಾಕಿಸೋಣ ಎಂದು ಹೆಂಡತಿಗೆ ಹೇಳಿದರೆ ಅವಳು ಒಲೆಯ ಮುಂದಿನಿಂದಲೇ ತಿರುಗಿಬಿದ್ದಳು.

"ನಿಮಗೇನ್ ಹುಚ್ಚೇನ್ರೀ? ಒಳಗ ಹಾಕ್ಕೊಂಡು ಬಿದ್ದು ಗಿದ್ದಾಳು, ಬಾಗಿಲಾ ಒಡ್ಯಾಕ ನೀವು ಬರ್ತೀರೇನು, ಈ ಸೊಂಟ ಇಟ್ಕೊಂಡು?"

ಅವಳ ಅಂಜಿಕೆ ಸುಳ್ಳಲ್ಲ. ತಂಗಿಯ ತಲೆ ಬಾಚಿ, ಜ್ವರದಲ್ಲಿ ಕಾದು ಕೂತವಳು ಅವಳೇ, ನಾನಲ್ಲ. ಎರಡು ದಿನ ವಾದ ನಡೆಯಿತು. ಕೊನೆಗೆ ಬಡಗಿಯನ್ನು ಕರೆಸಿ, ಹೊರಗಿನಿಂದ ಜೋರಾಗಿ ದೂಡಿದರೆ ಕಿತ್ತು ಬರುವಂಥ ಸಣ್ಣ ಚಿಲಕವೊಂದನ್ನು ಒಳಗೆ ಹಾಕಿಸಿದೆವು. ಹೊರಗಿನದನ್ನು ತೆಗೆಸಿದೆವು. ಮೊದಲ ವಾರ ತಂಗಿ ದಿನವೆಲ್ಲ ಅದನ್ನು ಹಾಕುವುದು ತೆಗೆಯುವುದು ಮಾಡಿದಳು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ನಮ್ಮನ್ನು ಹೊರಗೆ ಹಾಕಿರುತ್ತಿದ್ದಳು.

"ತೆಗಿಯೇ ತಾಯಿ," ಎಂದು ಹೆಂಡತಿ ಬಾಗಿಲು ಬಡಿದರೆ ಒಳಗಿನಿಂದ, "ಯಾರು?"

"ನಿಮ್ಮಣ್ಣನ ಹೆಂಡ್ತಿ!"

"ಇರು, ಅದೀನಿ," ಎಂದು ನಿಧಾನವಾಗಿ ಬರುತ್ತಿದ್ದಳು.

ಹೊಸ ಹಾಳೆಯಲ್ಲಿ ಬಾಗಿಲನ್ನು ಹೊರಗಿನಿಂದ ಬರೆದೆ. ಚಿಲಕದ ಮೇಲೆ ಒಂದು ಮುದುಕನ ಕೈ. ಕೆಳಗೆ ನನ್ನವೇ ಸವೆದ ಚಪ್ಪಲಿ. ಕಿಟಕಿಯಲ್ಲಿ ಒಂದು ಕಣ್ಣು ತಿರುಗಿದ, ಬಾಯಿ ತೆರೆದ ಹೆಂಗಸಿನ ಮುಖ. ಕುರುಗೋಡಿನಲ್ಲಿ ಎಲ್ಲರೂ ಸೇರಿದಾಗ ಆ ಹಾಳೆಯನ್ನು ಯಾರೂ ಬೋರಲು ಹಾಕಲಿಲ್ಲ. ನನ್ನ ತಂಗಿ ಹತ್ತಿರ ಬಂದು ಕಿಟಕಿಯ ಮುಖವನ್ನು ಮುಟ್ಟಿ ನೋಡಿದಳು. ಮೇಡಂ ನನ್ನ ಕೈ ಹಿಡಿದುಕೊಂಡು, ಇಷ್ಟು ನೇರವಾಗಿ ಬರೆಯಲು ಧೈರ್ಯ ಬೇಕು ಎಂದರು. ಬಳ್ಳಾರಿಯಿಂದ ಬಂದಿದ್ದ ಅವರ ಕಡೆಯವರೂ ಹೊಗಳಿದರು.

ನನಗೆ ಆ ಹೊಗಳಿಕೆ ಮೈಗೆ ಹತ್ತಲಿಲ್ಲ. ಬರೆದ ಚಿತ್ರ ಈಗ ಸತ್ಯ. ಆದರೆ ಅದನ್ನು ಬರೆಸಿದವಳು ನನ್ನ ತಂಗಿ. ಅವಳು ಎದ್ದುಬಂದು ಒತ್ತಿ ಹಿಡಿಯದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಅವಳೇ ಹೇಳಿದ ಮಾತನ್ನು ಅವಳಿಗೇ ಕಾಣದಂತೆ ಮಾಡಲು ಹೊರಟಿದ್ದೆ, ಅವಳಿಗೆ ತಿಳಿಯುವುದಿಲ್ಲ ಎಂಬ ಧೈರ್ಯದ ಮೇಲೆ. ಅದನ್ನು ಅವಳಿಗೆ ಹೇಳಬೇಕಿತ್ತು. ಬಾಯಲ್ಲಿ ಹೇಳಿದರೆ ಅವಳಿಗೆ ಮುಟ್ಟುವುದಿಲ್ಲ. ಬರೆಯಲು ಕೂತೆ.

ಮೊದಲ ಹಾಳೆಯಲ್ಲಿ, ತಂಗಿ ಮೇಡಂಗೆ ಬಾಗಿಲು ತೋರಿಸುತ್ತಿದ್ದಾಳೆ. ಎರಡನೆಯದರಲ್ಲಿ, ಅಣ್ಣ ಕಾಗದ ಇಟ್ಟುಕೊಂಡು ಕೂತಿದ್ದಾನೆ, ಅವನ ತಲೆಯೊಳಗೆ ಚಿಲಕ ಕಾಣುತ್ತಿದೆ. ಮೂರನೆಯದರಲ್ಲಿ, ಕಾಗದದ ಮೇಲೆ ಬಾಗಿಲಿದೆ, ಚಿಲಕವಿಲ್ಲ. ಅಣ್ಣ ಚಿಲಕವನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದಾನೆ.

ಮಧ್ಯಾಹ್ನ ಊಟವಾದ ಮೇಲೆ ಅವಳ ಮುಂದೆ ಕೂತು ಒಂದೊಂದೇ ತೋರಿಸಿದೆ. ಮೂರನೆಯದನ್ನು ಅವಳು ಬಹಳ ಹೊತ್ತು ನೋಡಿದಳು. ಬೆನ್ನ ಹಿಂದಿನ ಕೈಯ ಮೇಲೆ ಬೆರಳಿಟ್ಟಳು.

"ಅಣ್ಣ ಕಳ್ಳ," ಎಂದಳು.

"ಹೌದವ್ವಾ."

"ಯಾಕ?"

"ಮಂದಿ ಬೈತಾರಂತ ಅಂಜಿದ್ದೆ."

ಅವಳು ಮೂರು ಹಾಳೆಗಳನ್ನೂ ಬಟ್ಟೆ ಮಡಚುವಂತೆ ಅಂಚಿಗೆ ಅಂಚು ಸೇರಿಸಿ ಜೋಡಿಸಿದಳು. ನನ್ನ ಕೈಯಲ್ಲಿ ಇಟ್ಟಳು.

"ಮೇಡಂಗ ತೋರ್ಸು," ಎಂದಳು. "ಎಲ್ಲಾರಿಗೂ ತೋರ್ಸು."

ಪುಸ್ತಕ ಅಚ್ಚಿಗೆ ಹೋಗುವ ಮೊದಲು ಎಲ್ಲ ಊರಿನವರನ್ನೂ ಗಾಂಧಿನಗರದ ಆಫೀಸಿನ ಮಹಡಿಗೆ ಕರೆಸಿದ್ದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಎಲ್ಲರೂ ಕೂತ ಮೇಲೆ, ನಂದೂ ಒಂದು ಮೂರು ಹಾಳೆ ಅದಾವು ಎಂದು ಎದ್ದೆ. ಹಿಡಿದು ತೋರಿಸಿ, ಒಂದು ಹಾಳೆಗೆ ಒಂದೇ ಮಾತು ಹೇಳಿದೆ. ರೂಢಿ ಅಂದದ್ದು ಸುಳ್ಳು ಎಂದೂ ಹೇಳಿದೆ. ಮೇಡಂ ಮುಖದಲ್ಲಿ ಇಷ್ಟು ದಿನ ನನ್ನ ಮೇಲಿದ್ದ ಮೆಚ್ಚುಗೆ ಸ್ವಲ್ಪ ಹಿಂದಕ್ಕೆ ಸರಿದದ್ದು ಕಂಡಿತು. ಅದು ನ್ಯಾಯವೇ.

ಸಿರುಗುಪ್ಪದ ಟವಲಿನವನು ಚಪ್ಪಾಳೆ ತಟ್ಟಿದ. "ತಾತ ಕಳ್ಳ! ತಾತಾ, ನಮ್ಮವ್ವಂದೂ ಬರಿ! ನಮ್ಮವ್ವಂದೂ ಬರಿ!"

ಅವನ ತಾಯಿ ಈ ಸಲ ಅವನ ತೊಡೆಗೆ ತಟ್ಟಲಿಲ್ಲ. ಕೈಯಲ್ಲಿದ್ದ ಮಿರ್ಚಿಯ ಕಾಗದವನ್ನು ಮಡಚಿ ಕೆಳಗಿಟ್ಟಳು.

"ಬರೀರಿ," ಎಂದಳು ಆಮೇಲೆ, ನನ್ನ ಕಡೆ ನೋಡದೆ. "ಆದ್ರ ನಮ್ಮದಕ್ಕ ಚಿಲಕ ಅಲ್ಲರಿ. ನಾವು ಕೀಲಿ ಹಾಕ್ತೀವಿ. ಕೀಲಿ ಬರೀರಿ."

ನಾನು ಹೊಸ ಹಾಳೆ ತೆಗೆದುಕೊಂಡು ಅವಳ ಪಕ್ಕದಲ್ಲಿ ಕೂತು, ಎಷ್ಟು ದೊಡ್ಡ ಬೀಗ ಎಂದು ಕೇಳಿದೆ.